ಜನರ ನಡುವೆ ದಿಢೀರ್ ತಲೆಸುತ್ತು: ಪಿತ್ತವೇ, ದೃಷ್ಟಿಯೇ, ಲೋ ಬಿಪಿಯೇ?

ಮದುವೆ ಮನೆ, ಮುಹೂರ್ತದ ಹೊತ್ತು. ಬೆಳಗಿನಿಂದ ಬರೀ ಎರಡು ಲೋಟ ಕಾಫಿ ಕುಡಿದು ಓಡಾಡಿದ ಹುಡುಗಿಯೊಬ್ಬಳು ಅಕ್ಷತೆ ಹಿಡಿದು ಮಂಟಪದ ಮುಂದೆ ನಿಂತಿದ್ದಾಳೆ. ಸೆಕೆ, ಹೊಗೆ, ನೂಕುನುಗ್ಗಲು. ಇದ್ದಕ್ಕಿದ್ದಂತೆ ಅವಳ ಮುಖ ಬಿಳಿಚುತ್ತದೆ, ಹಣೆಯಲ್ಲಿ ತಣ್ಣನೆ ಬೆವರು. ಪಕ್ಕದವರ ಕೈ ಹಿಡಿಯುವಷ್ಟರಲ್ಲಿ ಕುಸಿದು ಬೀಳುತ್ತಾಳೆ.

ಸುತ್ತ ಹತ್ತು ಜನ ಸೇರುತ್ತಾರೆ. ಒಬ್ಬರು ನೀರು ಚಿಮುಕಿಸುತ್ತಾರೆ. ಇನ್ನೊಬ್ಬರು ಈರುಳ್ಳಿ ತರಲು ಅಡುಗೆಮನೆಗೆ ಓಡುತ್ತಾರೆ. ಮತ್ತೊಬ್ಬರು ಕೈಗೆ ಬೀಗದ ಕೈ ಕೊಡಿ ಎನ್ನುತ್ತಾರೆ. ‘ಪಿತ್ತ ಕೆರಳಿದೆ’ ಎಂದು ಒಬ್ಬರು, ‘ಕಣ್ಣು ಬಿದ್ದಿದೆ, ದೃಷ್ಟಿ ತೆಗೀರಿ’ ಎಂದು ಅಜ್ಜಿ, ‘ಲೋ ಬಿಪಿ’ ಎಂದು ಮಾವ. ಅಷ್ಟರಲ್ಲಿ ಇಬ್ಬರು ಅವಳನ್ನು ಎತ್ತಿ ಕುರ್ಚಿಯ ಮೇಲೆ ಕೂರಿಸುತ್ತಾರೆ.

ಇಷ್ಟರಲ್ಲಿ ಅತಿ ಹೆಚ್ಚು ಹಾನಿ ಮಾಡಬಲ್ಲದ್ದು ಯಾವುದು? ಈರುಳ್ಳಿಯೂ ಅಲ್ಲ, ದೃಷ್ಟಿ ತೆಗೆಯುವುದೂ ಅಲ್ಲ. ಕುರ್ಚಿಯ ಮೇಲೆ ಕೂರಿಸಿದ್ದು! ಏಕೆ ಎಂಬುದನ್ನು ತಿಳಿಯಲು, ತಲೆಸುತ್ತು ಬಂದಾಗ ದೇಹದೊಳಗೆ ಏನಾಗುತ್ತದೆ ಎಂದು ಮೊದಲು ನೋಡೋಣ.

‘ತಲೆಸುತ್ತು’ ಎಂಬುದು ಒಂದೇ ಅನುಭವವಲ್ಲ

ನಾವು ‘ತಲೆ ಸುತ್ತಿತು’ ಎಂದು ಹೇಳುವಾಗ ಬೇರೆ ಬೇರೆ ಸಂಗತಿಗಳನ್ನು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ವೈದ್ಯರ ಮುಂದೆ ಕುಳಿತಾಗ ಈ ವ್ಯತ್ಯಾಸ ಬಹಳ ಉಪಯೋಗಕ್ಕೆ ಬರುತ್ತದೆ.

ಮೊದಲನೆಯದು, ಕಣ್ಣು ಕತ್ತಲೆ ಬಂದು ‘ಇನ್ನೇನು ಬಿದ್ದೆ’ ಎನಿಸುವುದು. ಇದು ಹೆಚ್ಚಾಗಿ ಮೆದುಳಿಗೆ ರಕ್ತ ಕಡಿಮೆಯಾದ ಸೂಚನೆ. ಎರಡನೆಯದು, ಕೋಣೆಯೇ ಗಿರಗಿರನೆ ತಿರುಗಿದಂತಾಗುವುದು, ಮಕ್ಕಳು ಸುತ್ತಿ ಸುತ್ತಿ ನಿಂತಾಗ ಆಗುವಂತೆ. ಇದು ಹೆಚ್ಚಾಗಿ ಒಳಗಿವಿಯ ತೊಂದರೆ. ಮೂರನೆಯದು, ತಲೆ ಸರಿಯಿದ್ದರೂ ಕಾಲು ನೆಲದ ಮೇಲೆ ನಿಲ್ಲದಂತೆ ತೂರಾಡುವುದು. ಇದಕ್ಕೆ ನರ, ಮೆದುಳು, ದೃಷ್ಟಿದೋಷ, ಔಷಧ ಹೀಗೆ ಹಲವು ಕಾರಣಗಳಿರಬಹುದು.

ಎಲ್ಲರಿಗೂ ಹೀಗೆ ಬಿಡಿಸಿ ಹೇಳಲು ಬರುವುದಿಲ್ಲ. ಆದ್ದರಿಂದ ‘ಹೇಗಾಯಿತು’ ಎಂಬುದರ ಜೊತೆಗೆ ‘ಯಾವಾಗ ಆಯಿತು, ಎಷ್ಟು ಹೊತ್ತು ಇತ್ತು, ಆಗ ಏನು ಮಾಡುತ್ತಿದ್ದಿರಿ’ ಎಂಬ ಪ್ರಶ್ನೆಗಳಿಗೆ ಈಗ ವೈದ್ಯರು ಹೆಚ್ಚು ಬೆಲೆ ಕೊಡುತ್ತಾರೆ.

ನಿಂತವರು ಬೀಳುವುದೇಕೆ?

ಮೆದುಳು ನಮ್ಮ ದೇಹದ ತೂಕದಲ್ಲಿ ಸುಮಾರು 2%. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು 20% ಅದಕ್ಕೇ ಬೇಕು. ಅದರಲ್ಲಿ ದಾಸ್ತಾನು ಎಂಬುದಿಲ್ಲ. ರಕ್ತದ ಹರಿವು ಹತ್ತು ಸೆಕೆಂಡು ನಿಂತರೂ ಎಚ್ಚರ ತಪ್ಪುತ್ತದೆ.

ಇನ್ನು ನಾವು ನಿಲ್ಲುವ ಪ್ರಾಣಿಗಳು. ಮಲಗಿದ್ದವರು ಎದ್ದು ನಿಂತ ಕೂಡಲೇ ಅರ್ಧ ಲೀಟರಿನಿಂದ ಒಂದು ಲೀಟರಿನಷ್ಟು ರಕ್ತ ಹೊಟ್ಟೆ ಮತ್ತು ಕಾಲುಗಳ ಕಡೆ ಇಳಿಯುತ್ತದೆ. ಕುತ್ತಿಗೆ ಮತ್ತು ಎದೆಯ ದೊಡ್ಡ ರಕ್ತನಾಳಗಳಲ್ಲಿರುವ ಒತ್ತಡದ ಸಂವೇದಕಗಳು ಇದನ್ನು ಕ್ಷಣದಲ್ಲಿ ಗ್ರಹಿಸಿ, ಹೃದಯಕ್ಕೆ ಬೇಗ ಬಡಿಯಲೂ ರಕ್ತನಾಳಗಳಿಗೆ ಬಿಗಿಯಾಗಲೂ ಸಂದೇಶ ಹೋಗುವಂತೆ ಮಾಡುತ್ತವೆ. ನಡೆಯುವಾಗ ಮೀನಖಂಡದ ಸ್ನಾಯುಗಳೂ ಪಂಪಿನಂತೆ ರಕ್ತವನ್ನು ಮೇಲಕ್ಕೆ ಒತ್ತುತ್ತವೆ. ಈ ವ್ಯವಸ್ಥೆ ದಿನಕ್ಕೆ ನೂರಾರು ಬಾರಿ ನಮಗೆ ಗೊತ್ತೇ ಆಗದಂತೆ ಕೆಲಸ ಮಾಡುತ್ತದೆ.

ಸೆಕೆಯಲ್ಲಿ ಅಲುಗಾಡದೆ ನಿಂತರೆ? ಚರ್ಮದ ರಕ್ತನಾಳಗಳು ಹಿಗ್ಗಿರುತ್ತವೆ, ಬೆವರಿ ನೀರು ಹೋಗಿರುತ್ತದೆ, ಮೀನಖಂಡದ ಪಂಪು ನಿಂತಿರುತ್ತದೆ. 2023ರ ಜೂನ್ 10ರಂದು ಲಂಡನ್ನಿನಲ್ಲಿ ರಾಜನ ಹುಟ್ಟುಹಬ್ಬದ ಪಥಸಂಚಲನದ ತಾಲೀಮು ನಡೆಯುವಾಗ, ರಾಜಕುಮಾರ ವಿಲಿಯಂ ಎದುರಿಗೇ ಹಲವು ಸೈನಿಕರು ತಲೆಸುತ್ತಿ ಬಿದ್ದರು. ಉಣ್ಣೆಯ ಕೋಟು, ಕರಡಿ ಚರ್ಮದ ಟೊಪ್ಪಿಗೆ, ಸುಮಾರು 30 ಡಿಗ್ರಿ ಬಿಸಿಲು. ಅವರೆಲ್ಲ ತರಬೇತಿ ಪಡೆದ ಗಟ್ಟಿಮುಟ್ಟಾದ ಸೈನಿಕರು. ನಮ್ಮ ಶಾಲೆಗಳಲ್ಲಿ ಆಗಸ್ಟ್ 15ರ ಧ್ವಜವಂದನೆಗೆ ತಿಂಡಿ ತಿನ್ನದೆ ಬಂದು ಗಂಟೆಗಟ್ಟಲೆ ನಿಂತ ಮಕ್ಕಳು ಬೀಳುವುದೂ ಇದೇ ಲೆಕ್ಕಕ್ಕೆ. ಇದು ‘ನಿಶ್ಶಕ್ತಿ’ಯೂ ಅಲ್ಲ, ನಾಟಕವೂ ಅಲ್ಲ.

ಇನ್ನು ಕೆಲವರು ಸೂಜಿ ಅಥವಾ ರಕ್ತ ಕಂಡೊಡನೆ, ತೀವ್ರ ನೋವಿನಲ್ಲಿ, ಭಯದಲ್ಲಿ ಬೀಳುತ್ತಾರೆ. ಆಗ ವೇಗಸ್ ಎಂಬ ನರ ಹೃದಯದ ಬಡಿತವನ್ನು ನಿಧಾನಗೊಳಿಸುತ್ತದೆ, ಜೊತೆಗೆ ಕಾಲಿನ ರಕ್ತನಾಳಗಳೂ ಸಡಿಲಗೊಂಡು ರಕ್ತದೊತ್ತಡ ಧಡಕ್ಕನೆ ಇಳಿಯುತ್ತದೆ. ಇದಕ್ಕೆ ವೇಸೋವೇಗಲ್ ಸಿಂಕೋಪಿ ಎನ್ನುತ್ತಾರೆ. 1932ರಲ್ಲಿ ಬ್ರಿಟಿಷ್ ಹೃದ್ರೋಗ ತಜ್ಞ ಥಾಮಸ್ ಲೂಯಿಸ್ ಬಳಸಿದ ಹೆಸರು ಇದು. ಎಚ್ಚರ ತಪ್ಪುವ ಪ್ರಕರಣಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ. ಬೀಳುವ ಮುನ್ನ ಕೆಲವು ಸೂಚನೆಗಳು ಸಿಗುತ್ತವೆ: ಬಾಯಿ ಒಣಗುವುದು, ಹೊಟ್ಟೆ ತೊಳಸುವುದು, ಮೈ ಬಿಸಿಯಾಗಿ ತಣ್ಣನೆ ಬೆವರುವುದು, ಶಬ್ದಗಳೆಲ್ಲ ದೂರದಿಂದ ಬಂದಂತೆ ಕೇಳುವುದು, ದೃಷ್ಟಿ ಸುತ್ತಲಿಂದ ಕಿರಿದಾಗುತ್ತ ಕಪ್ಪಾಗುವುದು.

ಈಗ ಮದುವೆ ಮನೆಗೆ ಮರಳೋಣ. ಕೆಳಗೆ ಬೀಳುವುದು ಒಂದು ರೀತಿಯಲ್ಲಿ ದೇಹದ ಸ್ವಂತ ಚಿಕಿತ್ಸೆ. ನೆಲಕ್ಕೆ ಬಿದ್ದೊಡನೆ ತಲೆ ಮತ್ತು ಹೃದಯ ಒಂದೇ ಮಟ್ಟಕ್ಕೆ ಬರುತ್ತವೆ, ರಕ್ತ ಮೆದುಳಿಗೆ ಸುಲಭವಾಗಿ ಹರಿಯುತ್ತದೆ, ಅರ್ಧ ನಿಮಿಷದಲ್ಲಿ ಎಚ್ಚರ ಬರುತ್ತದೆ. ಅಂಥವರನ್ನು ಎತ್ತಿ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿದರೆ ಮೆದುಳಿಗೆ ಹೋಗುವ ರಕ್ತವನ್ನು ನಾವೇ ತಡೆದಂತೆ. ಹೀಗೆ ಮಾಡಿದಾಗಲೇ ಎಚ್ಚರ ಬರುವುದು ತಡವಾಗುತ್ತದೆ, ಕೈಕಾಲು ಅದುರುತ್ತದೆ, ಜನ ಇನ್ನಷ್ಟು ಗಾಬರಿಯಾಗುತ್ತಾರೆ.

ಅದುರಿದರೆ ಅದು ಫಿಟ್ಸ್ ಆಗಬೇಕೆಂದಿಲ್ಲ

ಇದು ಬಹಳ ಮುಖ್ಯವಾದ ಮಾತು. ಎಚ್ಚರ ತಪ್ಪಿ ಬಿದ್ದವರ ಕೈಕಾಲು ನಾಲ್ಕು ಸಲ ಅದುರಿದರೆ ಸಾಕು, ನಮ್ಮಲ್ಲಿ ‘ಫಿಟ್ಸ್ ಬಂತು’ ಎಂಬ ಹಣೆಪಟ್ಟಿ ಬೀಳುತ್ತದೆ. 1994ರಲ್ಲಿ ಜರ್ಮನಿಯ ಸಂಶೋಧಕರು ಆರೋಗ್ಯವಂತ ಸ್ವಯಂಸೇವಕರು ಎಚ್ಚರ ತಪ್ಪುವಂತೆ ಮಾಡಿ ವಿಡಿಯೋದಲ್ಲಿ ಗಮನಿಸಿದರು. ಪೂರ್ತಿ ಎಚ್ಚರ ತಪ್ಪಿದವರಲ್ಲಿ ಹೆಚ್ಚಿನವರ ಕೈಕಾಲುಗಳು ಕೆಲ ಕ್ಷಣ ಅದುರಿದ್ದವು. ಅವರಲ್ಲಿ ಯಾರಿಗೂ ಅಪಸ್ಮಾರ ಇರಲಿಲ್ಲ. ಮೆದುಳಿಗೆ ಆಮ್ಲಜನಕ ಕಡಿಮೆಯಾದಾಗ ಹೀಗಾಗುವುದು ಸಹಜ.

ಗುರುತಿಸುವುದು ಹೇಗೆ? ಸಾಮಾನ್ಯ ಮೂರ್ಛೆಯಲ್ಲಿ ಮುಖ ಬಿಳಿಚಿರುತ್ತದೆ, ಅದುರುವುದು ಕೆಲವೇ ಸೆಕೆಂಡು, ಎಚ್ಚರ ಬಂದೊಡನೆ ತಾನೆಲ್ಲಿದ್ದೇನೆ ಎಂದು ಗೊತ್ತಾಗುತ್ತದೆ. ಅಪಸ್ಮಾರದಲ್ಲಿ ಸೆಟೆತ ಮತ್ತು ಅದುರುವುದು ಸಾಮಾನ್ಯವಾಗಿ ಒಂದರಿಂದ ಮೂರು ನಿಮಿಷ ಇರುತ್ತದೆ, ನಾಲಿಗೆಯ ಪಕ್ಕ ಕಚ್ಚಿಕೊಂಡಿರಬಹುದು, ಆಮೇಲೆ ಬಹಳ ಹೊತ್ತು ಮಂಪರು, ಗೊಂದಲ ಇರುತ್ತದೆ. ಬಟ್ಟೆಯಲ್ಲಿ ಮೂತ್ರ ಹೋಗುವುದು ಎರಡರಲ್ಲೂ ಆಗಬಹುದು.

ತಪ್ಪು ಹಣೆಪಟ್ಟಿಯ ಬೆಲೆ ಸಣ್ಣದಲ್ಲ. ಇಲ್ಲದ ಕಾಯಿಲೆಗೆ ವರ್ಷಗಟ್ಟಲೆ ಮಾತ್ರೆ, ಡ್ರೈವಿಂಗ್ ಲೈಸೆನ್ಸಿಗೆ ಅಡ್ಡಿ, ಕೆಲಸಕ್ಕೆ ತೊಡಕು, ಹೆಣ್ಣುಮಕ್ಕಳಾದರೆ ಮದುವೆ ಮಾತುಕತೆಯಲ್ಲಿ ಪಿಸುಮಾತು. ಇನ್ನೊಂದು ದಿಕ್ಕಿನ ತಪ್ಪು ಇದಕ್ಕಿಂತ ಭೀಕರ: ಹೃದಯದ ಬಡಿತ ತಪ್ಪಿ ಬಿದ್ದವರನ್ನು ಫಿಟ್ಸ್ ಎಂದು ತಿಳಿದು ಇಸಿಜಿಯನ್ನೇ ಮಾಡಿಸದೆ ಬಿಡುವುದು. ಹಾಗಾಗಿ ಬಿದ್ದದ್ದನ್ನು ಕಣ್ಣಾರೆ ಕಂಡವರು ವೈದ್ಯರ ಬಳಿಗೆ ಜೊತೆಯಲ್ಲಿ ಹೋಗಬೇಕು. ಸುರಕ್ಷಿತವಾಗಿದ್ದರೆ ಮೊಬೈಲಿನಲ್ಲಿ ಮಾಡಿದ ಚಿಕ್ಕ ವಿಡಿಯೋ ಕೂಡ ವೈದ್ಯರಿಗೆ ದೊಡ್ಡ ನೆರವು. ಅದು ವೈದ್ಯರಿಗಾಗಿ ಮಾತ್ರ, ವಾಟ್ಸಾಪ್ ಗುಂಪುಗಳಿಗಲ್ಲ.

ಎದ್ದು ನಿಂತಾಗ ಬರುವ ತಲೆಸುತ್ತು

ಬಸ್ಸಿನ ಸೀಟಿನಿಂದ ಎದ್ದಾಗ, ಪೂಜೆಗೆ ಕೂತು ಎದ್ದಾಗ, ರಾತ್ರಿ ಮೂತ್ರಕ್ಕೆಂದು ಎದ್ದಾಗ ಹಿರಿಯರಿಗೆ ಕಣ್ಣು ಕತ್ತಲೆ ಬರುವುದುಂಟು. ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಂಕ ಅಥವಾ ಕೆಳಗಿನದು 10 ಅಂಕ ಇಳಿದರೆ ಅದನ್ನು ನಿಲುವಿನ ರಕ್ತದೊತ್ತಡ ಕುಸಿತ ಎಂದು ಗುರುತಿಸುತ್ತಾರೆ. ಕೂರಿಸಿ ಒಂದೇ ಬಾರಿ ಬಿಪಿ ನೋಡಿದರೆ ಇದು ಸಿಕ್ಕಿಬೀಳುವುದಿಲ್ಲ. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನೋಡಬೇಕು.

ಕಾರಣ ಬಹಳಷ್ಟು ಸಲ ಮಾತ್ರೆಯ ಡಬ್ಬಿಯಲ್ಲೇ ಇರುತ್ತದೆ. ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್‌ನಂಥ ಮಾತ್ರೆ, ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆ, ಕೆಲವು ನಿದ್ದೆ ಮತ್ತು ಮನೋರೋಗದ ಮಾತ್ರೆಗಳು ಹೀಗೆ ಮಾಡಬಲ್ಲವು. ಬಹಳ ಕಾಲದ ಸಕ್ಕರೆ ಕಾಯಿಲೆಯೂ ನರಗಳನ್ನು ಹಾಳುಮಾಡಿ ಇದಕ್ಕೆ ದಾರಿ ಮಾಡುತ್ತದೆ. ಹಾಗೆಂದು ಮಾತ್ರೆಯನ್ನು ನಾವೇ ನಿಲ್ಲಿಸಬಾರದು. ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ವೈದ್ಯರ ಬಳಿ ಹೋಗಿ ತೋರಿಸುವುದು ಸರಿಯಾದ ದಾರಿ. ರಾತ್ರಿ ಏಳುವಾಗ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು, ಪಾದಗಳನ್ನು ಆಡಿಸಿ, ನಂತರ ಏಳುವುದು ಸೊಂಟದ ಮೂಳೆ ಮುರಿತವನ್ನೇ ತಪ್ಪಿಸಬಲ್ಲ ಅಭ್ಯಾಸ.

ಗೋಪುರ ನೋಡಿದಾಗ ತಿರುಗುವ ಜಗತ್ತು

ಅಂಗಡಿಯಲ್ಲಿ ಮೇಲಿನ ಅಟ್ಟ ನೋಡಲು ತಲೆ ಎತ್ತಿದಾಗ, ದೇವಸ್ಥಾನದ ಗೋಪುರ ನೋಡಿದಾಗ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಜಗತ್ತೇ ಗಿರಗಿರನೆ ತಿರುಗಿ, ಒಂದು ನಿಮಿಷದೊಳಗೆ ನಿಲ್ಲುತ್ತದೆಯೇ? ಹಾಗಾದರೆ ತೊಂದರೆ ಕಿವಿಯ ಒಳಗಿರಬಹುದು.

ಒಳಗಿವಿಯಲ್ಲಿ ಸಮತೋಲನಕ್ಕೆಂದೇ ಮೂರು ಅರೆವೃತ್ತಾಕಾರದ ನಾಳಗಳಿವೆ. ಪಕ್ಕದ ಚೀಲದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಹರಳುಗಳಿರುತ್ತವೆ. ವಯಸ್ಸಿನಿಂದಲೋ ತಲೆಗೆ ಪೆಟ್ಟಾಗಿಯೋ ಇವು ಕಳಚಿ ನಾಳದೊಳಗೆ ಜಾರಿದರೆ, ತಲೆ ಅಲುಗಿದಾಗಲೆಲ್ಲ ‘ತಿರುಗುತ್ತಿದ್ದೇನೆ’ ಎಂಬ ಸುಳ್ಳು ಸಂದೇಶ ಮೆದುಳಿಗೆ ಹೋಗುತ್ತದೆ. ಇದಕ್ಕೆ ಬಿಪಿಪಿವಿ ಎಂದು ಹೆಸರು. ಹೆಸರಿನಲ್ಲಿ ಬಿಪಿ ಇದ್ದರೂ ರಕ್ತದೊತ್ತಡಕ್ಕೂ ಇದಕ್ಕೂ ಸಂಬಂಧವಿಲ್ಲ.

ಇದರ ಚಿಕಿತ್ಸೆ ಮಾತ್ರೆಯಲ್ಲ, ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಹರಳುಗಳನ್ನು ನಾಳದಿಂದ ಹೊರಗೆ ಜಾರಿಸುವುದು. ಅಮೆರಿಕದ ಕಿವಿ ತಜ್ಞ ಜಾನ್ ಎಪ್ಲಿ ರೂಪಿಸಿದ ಈ ವಿಧಾನಕ್ಕೆ ಕೆಲವೇ ನಿಮಿಷ ಸಾಕು. ಹಲವರಿಗೆ ಒಂದೆರಡು ಬಾರಿ ಮಾಡಿದರೆ ಗುಣವಾಗುತ್ತದೆ. ಆದರೂ ಎಷ್ಟೋ ಜನ ‘ಕುತ್ತಿಗೆ ಮೂಳೆ ಸವೆದಿದೆ’ ಎಂದು ತಿಳಿದು ವರ್ಷಗಟ್ಟಲೆ ಕುತ್ತಿಗೆ ಪಟ್ಟಿ ಕಟ್ಟಿಕೊಂಡು ತಿರುಗುತ್ತಾರೆ. ನಡುವಯಸ್ಸು ದಾಟಿದ ಬಹುತೇಕರ ಎಕ್ಸ್‌ರೇಯಲ್ಲಿ ಸವೆತ ಕಾಣುತ್ತದೆ. ಅದು ಕಂಡಿತೆಂಬ ಮಾತ್ರಕ್ಕೆ ತಲೆಸುತ್ತಿಗೆ ಅದೇ ಕಾರಣವಾಗುವುದಿಲ್ಲ.

ತಲೆಸುತ್ತಿನ ಜೊತೆಗೆ ಕಿವಿಯಲ್ಲಿ ಗುಂಯ್ ಎನ್ನುವುದು, ಕೇಳಿಸದಿರುವುದು ಗಂಟೆಗಟ್ಟಲೆ ಇದ್ದರೆ ಮೆನಿಯೆರ್ ಕಾಯಿಲೆ ಇರಬಹುದು. ಮೈಗ್ರೇನ್ ಇರುವವರಿಗೂ ತಲೆನೋವಿಲ್ಲದೆ ಬರೀ ತಲೆಸುತ್ತು ಬರುವುದುಂಟು.

ಸಕ್ಕರೆ, ರಕ್ತಹೀನತೆ, ಗಾಬರಿ

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಂಡು ಊಟ ತಡ ಮಾಡಿದವರಿಗೆ, ಏಕಾದಶಿಗೋ ರಂಜಾನಿಗೋ ಉಪವಾಸ ಇದ್ದವರಿಗೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ನಡುಕ, ಬೆವರು, ಹಸಿವು, ಎದೆಬಡಿತ, ತಬ್ಬಿಬ್ಬು ಇದರ ಗುರುತು. ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಡಬೇಕು. ಹದಿನೈದು ನಿಮಿಷದ ನಂತರ ಮತ್ತೆ ನೋಡಬೇಕು. ಸಕ್ಕರೆ ಕಾಯಿಲೆಯ ಮದ್ದು ತೆಗೆದುಕೊಳ್ಳದವರಲ್ಲಿ ಸಕ್ಕರೆ ಇಷ್ಟು ಇಳಿಯುವುದು ಅಪರೂಪ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ 57% ಮಂದಿಗೆ ರಕ್ತಹೀನತೆ ಇದೆ. ಮೆಟ್ಟಿಲು ಹತ್ತಿದರೆ ಏದುಸಿರು, ಸುಸ್ತು, ತಲೆಸುತ್ತು ಇದ್ದರೆ ‘ಹೆಂಗಸರಿಗೆ ಇದೆಲ್ಲ ಇದ್ದದ್ದೇ’ ಎಂದು ತಳ್ಳಿಹಾಕದೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕು. ಮುಟ್ಟು ತಪ್ಪಿದ ಹೆಣ್ಣುಮಗಳಿಗೆ ಹೊಟ್ಟೆನೋವಿನ ಜೊತೆ ಎಚ್ಚರ ತಪ್ಪಿದರೆ ಗರ್ಭಕೋಶದ ಹೊರಗೆ ಬಸಿರು ನಿಂತು ಒಳಗೆ ರಕ್ತಸ್ರಾವ ಆಗುತ್ತಿರಬಹುದು. ಅದು ತುರ್ತು ಪರಿಸ್ಥಿತಿ.

ಜನಜಂಗುಳಿಯಲ್ಲಿ, ಲಿಫ್ಟಿನಲ್ಲಿ, ಮೆಟ್ರೋದಲ್ಲಿ ಗಾಬರಿಯಾಗಿ ಬೇಗ ಬೇಗ ಉಸಿರಾಡಿದಾಗಲೂ ತಲೆಸುತ್ತುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಬಾಯಿಯ ಸುತ್ತ, ಬೆರಳ ತುದಿಯಲ್ಲಿ ಜುಮುಗುಟ್ಟುತ್ತದೆ. ‘ಎಲ್ಲ ಮನಸ್ಸಿನದು’ ಎಂದು ಅಂದುಬಿಡುವುದು ತಪ್ಪು. ಆಗುವುದು ದೇಹದಲ್ಲೇ. ಬೇರೆ ಕಾರಣಗಳಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆ ಇದಕ್ಕೂ ಒಳ್ಳೆಯ ಚಿಕಿತ್ಸೆ ಇದೆ.

ಯಾವಾಗ ಕಾಯಬಾರದು?

ಹೆಚ್ಚಿನ ತಲೆಸುತ್ತು ಪ್ರಾಣಾಪಾಯ ತರುವುದಿಲ್ಲ. ಆದರೆ ಈ ಕೆಳಗಿನವು ಬೇರೆ ಜಾತಿಗೆ ಸೇರಿದವು:

- ಓಡುವಾಗ, ಆಡುವಾಗ, ಭಾರ ಎತ್ತುವಾಗ ಎಚ್ಚರ ತಪ್ಪುವುದು
- ಕೂತಲ್ಲಿ, ಮಲಗಿದಲ್ಲಿ ಅಥವಾ ಯಾವ ಮುನ್ಸೂಚನೆಯೂ ಇಲ್ಲದೆ ಬೀಳುವುದು
- ಎದೆನೋವು, ಏದುಸಿರು, ವಿಪರೀತ ಎದೆಬಡಿತದ ಜೊತೆ ಬರುವುದು
- ಮೊದಲೇ ಹೃದಯದ ಕಾಯಿಲೆ ಇರುವುದು, ಮನೆತನದಲ್ಲಿ ಚಿಕ್ಕ ವಯಸ್ಸಿಗೆ ದಿಢೀರ್ ಸಾವು ಕಂಡವರು ಇರುವುದು
- ಟಾರಿನಂತೆ ಕಪ್ಪು ಮಲ, ರಕ್ತವಾಂತಿ
- ತಲೆಸುತ್ತಿನ ಜೊತೆ ಮುಖ ವಾಲುವುದು, ಕೈಕಾಲು ಸೋಲುವುದು, ಮಾತು ತೊದಲುವುದು, ಎಲ್ಲವೂ ಎರಡೆರಡಾಗಿ ಕಾಣುವುದು, ಹಿಡಿದುಕೊಳ್ಳದೆ ನಿಲ್ಲಲೂ ಆಗದಿರುವುದು
- ಬಿಸಿಲಿನಲ್ಲಿ ಮೈ ಕಾದು ಕೆಂಡವಾಗಿ ತಬ್ಬಿಬ್ಬಾಗಿ ಮಾತಾಡುವುದು

ಮೊದಲ ನಾಲ್ಕು ಹೃದಯದತ್ತ ಬೊಟ್ಟು ಮಾಡುತ್ತವೆ. ಮಾತು ತೊದಲುವುದು, ಎರಡೆರಡು ಕಾಣುವುದು ಪಾರ್ಶ್ವವಾಯುವಿನ ಗುರುತು. ರಕ್ತ ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುವುದರಿಂದ ‘ಮಲಗಿ ಎದ್ದರೆ ಸರಿಹೋಗುತ್ತದೆ’ ಎಂದು ಕಾಯುವುದು ದುಬಾರಿ ತಪ್ಪು. ಕೂಡಲೇ 108ಕ್ಕೆ ಕರೆ ಮಾಡಬೇಕು.

ಒಮ್ಮೆ ಎಚ್ಚರ ತಪ್ಪಿದರೂ ಇಸಿಜಿ ಮಾಡಿಸಬೇಕು. ಅದು ಅಗ್ಗದ, ಐದು ನಿಮಿಷದ ಪರೀಕ್ಷೆ. ತಲೆಗೆ ಪೆಟ್ಟಾಗಿರದೆ, ನರಗಳ ತೊಂದರೆಯೂ ಇರದೆ ಬರೀ ಮೂರ್ಛೆ ಬಂದವರಿಗೆ ಸಾವಿರಾರು ರೂಪಾಯಿಯ ಮೆದುಳಿನ ಸ್ಕ್ಯಾನಿಗಿಂತ ಈ ಪರೀಕ್ಷೆಯಿಂದಲೇ ಹೆಚ್ಚು ಪ್ರಯೋಜನ.

ಬಿದ್ದವರಿಗೆ ನಾವೇನು ಮಾಡಬೇಕು?

ಮೊದಲು, ಕರೆದರೆ ಓಗೊಡುತ್ತಾರೆಯೇ, ಉಸಿರಾಡುತ್ತಿದ್ದಾರೆಯೇ ನೋಡಬೇಕು. ಎಚ್ಚರವಿಲ್ಲ, ಉಸಿರಿಲ್ಲ ಅಥವಾ ಎಲ್ಲೋ ಒಮ್ಮೊಮ್ಮೆ ಗೊರಕೆಯಂತೆ ಉಸಿರೆಳೆಯುತ್ತಿದ್ದಾರೆ ಎಂದರೆ ಅದು ಹೃದಯಸ್ತಂಭನ. 2021ರ ಜೂನ್ 12ರಂದು ಕೋಪನ್‌ಹೇಗನ್ನಿನ ಫುಟ್‌ಬಾಲ್ ಮೈದಾನದಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಕುಸಿದಾಗ ಆದದ್ದು ಇದೇ. ಮೈದಾನದಲ್ಲೇ ಎದೆ ಒತ್ತಿ, ವಿದ್ಯುತ್ ಆಘಾತ ಕೊಟ್ಟು ಅವರನ್ನು ಉಳಿಸಿದರು. ಮುಂದೆ ಅವರು ಮತ್ತೆ ಆಟಕ್ಕೂ ಮರಳಿದರು. ಇಂಥ ಸಂದರ್ಭದಲ್ಲಿ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಲೇ ಇರಬೇಕು.

ಉಸಿರಾಟ ಸರಿಯಿದ್ದರೆ ಬಿದ್ದಲ್ಲೇ ಅಂಗಾತ ಮಲಗಿಸಿ, ಕಾಲನ್ನು ಚೀಲದ ಮೇಲೋ ಕುರ್ಚಿಯ ಮೇಲೋ ಎತ್ತಿಡಬೇಕು. ಬಿಗಿ ಬಟ್ಟೆ ಸಡಿಲಿಸಿ, ಸುತ್ತಲಿನ ಜನರನ್ನು ಸರಿಸಿ ಗಾಳಿಯಾಡಲು ಬಿಡಬೇಕು. ವಾಂತಿ ಬಂದರೆ, ತುಂಬು ಗರ್ಭಿಣಿಯಾದರೆ ಎಡಮಗ್ಗುಲಿಗೆ ಹೊರಳಿಸಬೇಕು. ಪೂರ್ತಿ ಎಚ್ಚರ ಬರುವವರೆಗೆ ಬಾಯಿಗೆ ನೀರು, ಕಾಫಿ, ಮಾತ್ರೆ ಏನನ್ನೂ ಹಾಕಬಾರದು. ಅದು ಶ್ವಾಸನಾಳಕ್ಕೆ ಹೋಗಬಹುದು. ಎಚ್ಚರ ಬಂದ ಮೇಲೂ ಹತ್ತು ಹದಿನೈದು ನಿಮಿಷ ಮಲಗಿಸಿ, ಆಮೇಲೆ ಕೂರಿಸಿ, ಕೊನೆಗೆ ನಿಲ್ಲಿಸಬೇಕು.

ಈರುಳ್ಳಿ, ಚಪ್ಪಲಿ, ಬೀಗದ ಕೈ? ಮೂರ್ಛೆಯಾಗಲಿ ಫಿಟ್ಸಾಗಲಿ ಹೆಚ್ಚಾಗಿ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಸರಿಯಾಗಿ ಈರುಳ್ಳಿಯೂ ಬೀಗದ ಕೈಯೂ ಬಂದಿರುತ್ತವೆ. ಶ್ರೇಯಸ್ಸು ಅವಕ್ಕೆ ಹೋಗುತ್ತದೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಇರುವ ಸಂಬಂಧವೇ ಇದು. ಫಿಟ್ಸ್ ಬಂದವರ ಹಲ್ಲಿನ ನಡುವೆ ಚಮಚ ತುರುಕುವುದಂತೂ ಹಲ್ಲು ಮುರಿದು ಉಸಿರುಗಟ್ಟಿಸಬಲ್ಲ ಅಪಾಯ.

ನಮಗೇ ಬಂದರೆ?

ಸೂಚನೆ ಸಿಕ್ಕ ಕೂಡಲೇ ಕೂರಬೇಕು, ಸಾಧ್ಯವಾದರೆ ಮಲಗಬೇಕು. ನಾಚಿಕೆಗೆ ನಾಲ್ಕು ಹೆಜ್ಜೆ ಹೊರಗೆ ನಡೆಯಲು ಹೋದವರೇ ಮೆಟ್ಟಿಲ ಮೇಲೆ, ಬಚ್ಚಲಲ್ಲಿ ಬಿದ್ದು ತಲೆ ಒಡೆದುಕೊಳ್ಳುವುದು. ಕೂರಲು ಜಾಗವಿಲ್ಲದ ಬಸ್ಸಿನಲ್ಲಾದರೆ ಕಾಲುಗಳನ್ನು ಕತ್ತರಿಯಂತೆ ಹೆಣೆದು ತೊಡೆ, ಪೃಷ್ಠ, ಹೊಟ್ಟೆಯನ್ನು ಬಿಗಿ ಮಾಡಬೇಕು. ಎರಡೂ ಕೈಗಳ ಬೆರಳು ಕೊಕ್ಕೆ ಹಾಕಿ ಎಳೆಯಬೇಕು. ಇದರಿಂದ ರಕ್ತದೊತ್ತಡ ಏರಿ ಬೀಳುವುದು ತಪ್ಪಬಹುದು, ಇಲ್ಲವೇ ಪಕ್ಕದವರಿಗೆ ಹೇಳುವಷ್ಟು ಸಮಯವಾದರೂ ಸಿಗುತ್ತದೆ. ಗಾಡಿ ಓಡಿಸುತ್ತಿದ್ದರೆ ಆ ಕ್ಷಣವೇ ಬದಿಗೆ ನಿಲ್ಲಿಸಬೇಕು. ಕಾರಣ ತಿಳಿಯುವವರೆಗೆ ಮತ್ತೆ ಓಡಿಸಬಾರದು.

ಮದುವೆ, ಜಾತ್ರೆ, ದೇವರ ದರ್ಶನದ ಉದ್ದ ಸಾಲಿಗೆ ಹೋಗುವ ಮುನ್ನ ಏನಾದರೂ ತಿಂದು, ನೀರು ಕುಡಿದು ಹೋಗುವುದು, ನಿಂತಲ್ಲೇ ಆಗಾಗ ಹಿಮ್ಮಡಿ ಎತ್ತಿ ಇಳಿಸುವುದು ಸುಲಭದ ಮುನ್ನೆಚ್ಚರಿಕೆ.

ಅಜ್ಜಿ ದೃಷ್ಟಿ ತೆಗೆಯಬೇಕೆಂದರೆ ತೆಗೆಯಲಿ. ಅಡ್ಡಿಯಿಲ್ಲ. ಆದರೆ ಹುಡುಗಿ ಆಗ ಕುರ್ಚಿಯ ಮೇಲಲ್ಲ, ನೆಲದ ಮೇಲೆ ಮಲಗಿರಲಿ, ಕಾಲು ಮೇಲಿರಲಿ. ಮರುದಿನ ಒಂದು ಇಸಿಜಿಯೂ ಆಗಲಿ.